ಮುಚ್ಚಳವೂ ಅಪ್ಪಣೆಯೂ



ಈ ತಿಂಗಳು ನಾವು ವಿಚಾರಕ್ಕೆ ತೆಗೆದುಕೊಂಡಿರುವ ವಿಷಯವು ಮೇಲುನೋಟಕ್ಕೆ ಅತ್ಯಲ್ಪವಾದುದು. ಪೂರ್ತಿಯಾಗಿ ಆಫ್ ಮಾಡಿ ಮಡಿಸಿಟ್ಟ ಲ್ಯಾಪ್‌ಟಾಪಿನ ಮುಚ್ಚಳವನ್ನು ತೆರೆದ ಮಾತ್ರಕ್ಕೆ ಆ ಯಂತ್ರವು ತಾನಾಗಿಯೇ ಕೆಲಸಕ್ಕೆ ಆರಂಭಿಸಬೇಕೆ, ಅಥವಾ ನಾವು ಗುಂಡಿಯನ್ನು ಒತ್ತುವವರೆಗೆ ಸುಮ್ಮನಿರಬೇಕೆ ಎಂಬುದೇ ಆ ವಿಷಯ. ಇಷ್ಟಕ್ಕೂ ಒಂದು ಲೇಖನವೆ ಎಂದು ಕೆಲವರು ನಗಬಹುದು. ಎರಡು ತಿಂಗಳ ಹಿಂದೆ ನಾವೂ ನಗುತ್ತಿದ್ದೆವು. ಆದರೆ ಮನೆವಾರ್ತೆಯ ಅನುಭವವುಳ್ಳವರೆಲ್ಲರೂ ಬಲ್ಲ ಒಂದು ಮಾತುಂಟು: ಒಲೆಯ ಮೇಲಣ ಹಾಲು ಉಕ್ಕುವುದು ನಾವು ಬೆನ್ನು ತಿರುಗಿಸಿದ ಕ್ಷಣದಲ್ಲಿಯೇ. ಅಲ್ಪವೆಂದು ಬಿಟ್ಟ ಸಂಗತಿಯೇ ಒಂದು ದಿನ ದೊಡ್ಡದಾಗಿ ಎದುರು ಬಂದು ನಿಲ್ಲುವುದು.

ನಮ್ಮ ಮನೆಯಲ್ಲಿ ನಡೆದುದನ್ನೇ ಮೊದಲು ಹೇಳುವೆವು. ನಮ್ಮ ಅಣ್ಣನ ಮಗಳು ಒಂದು ಉದ್ಯೋಗಕ್ಕಾಗಿ ಪರೀಕ್ಷೆಗೆ ಕುಳಿತುಕೊಳ್ಳುವವಳಿದ್ದಳು. ಪರೀಕ್ಷೆಯು ಮನೆಯಲ್ಲಿಯೇ, ಲ್ಯಾಪ್‌ಟಾಪಿನ ಮುಂದೆ, ಬೆಳಿಗ್ಗೆ ಒಂಬತ್ತು ಗಂಟೆಯಿಂದ ಒಂದೂವರೆ ಗಂಟೆಯ ಕಾಲ. ತಂತಿಗಳ ದುರಸ್ತಿಗಾಗಿ ಆ ದಿನ ಎಂಟು ಗಂಟೆಯಿಂದ ನಮ್ಮ ಬೀದಿಗೆ ಕರೆಂಟು ಇರುವುದಿಲ್ಲವೆಂಬ ಪ್ರಕಟಣೆಯು ಮುನ್ನಾದಿನವೇ ಬಂದಿತ್ತು. ಹುಡುಗಿಯು ಮುಂದಾಲೋಚನೆಯುಳ್ಳವಳು. ಅವಳ ಲ್ಯಾಪ್‌ಟಾಪಿನ ಬ್ಯಾಟರಿಯು ಹಳೆಯದು. ಪೂರ್ತಿ ತುಂಬಿದರೂ ಎರಡು ಗಂಟೆಗೆ ಹೆಚ್ಚಾಗಿ ಬಾರದು. ಆದಕಾರಣ ರಾತ್ರಿಯೇ ಅದನ್ನು ಪೂರ್ಣವಾಗಿ ತುಂಬಿಸಿ, ಯಂತ್ರವನ್ನು ಆಫ್ ಮಾಡಿ, ಮುಚ್ಚಳ ಮುಚ್ಚಿ, ಮೇಜಿನ ಮೇಲಿಟ್ಟು ನಿಶ್ಚಿಂತೆಯಾಗಿ ಮಲಗಿದಳು.

ಬೆಳಿಗ್ಗೆ ಎಂಟರ ಸುಮಾರಿಗೆ, ಅವಳು ಸ್ನಾನಕ್ಕೆ ಹೋಗಿದ್ದಾಗ, ನಮ್ಮ ತಾಯಿಯವರು ಆ ಕೋಣೆಗೆ ಬಂದರು. ಮೊಮ್ಮಗಳು ಶುಭಕಾರ್ಯಕ್ಕೆ ಕುಳಿತುಕೊಳ್ಳುವ ಜಾಗವು ಚೊಕ್ಕಟವಾಗಿರಲೆಂದು ಮೇಜನ್ನು ಒರೆಸಿದರು. ಲ್ಯಾಪ್‌ಟಾಪನ್ನು ತೆರೆದು ಕೀಲಿಗಳ ನಡುವಣ ಧೂಳನ್ನೂ ಒರೆಸಿದರು. ಪರದೆಯ ಮೇಲೆ ಬೆಳಕು ಮೂಡುವುದರೊಳಗೆ ಮುಚ್ಚಳವನ್ನು ಇಳಿಸಿ, ದೇವರ ಮನೆಗೆ ಹೊರಟುಹೋದರು. ಒರೆಸುವ ಬಟ್ಟೆಯು ಮುಚ್ಚಳದ ನಡುವೆ ಸಿಕ್ಕಿಕೊಂಡು ಅದು ಪೂರ್ತಿಯಾಗಿ ಮುಚ್ಚಿರಲಿಲ್ಲವೆಂಬುದನ್ನು ಅವರು ಕಾಣಲಿಲ್ಲ. ಓದುವಾಗ ಪರದೆಯು ಕಪ್ಪಾಗಬಾರದೆಂದು ಹುಡುಗಿಯು ಯಂತ್ರವನ್ನು ನಿದ್ರೆಗೆ ಹೋಗದಂತೆ ಏರ್ಪಡಿಸಿದ್ದಳು. ಒಂಬತ್ತಕ್ಕೆ ಅವಳು ಬಂದು ನೋಡುವಾಗ ಪರದೆಯು ಆಗಲೇ ಬೆಳಗುತ್ತಿತ್ತು. ಬ್ಯಾಟರಿಯು ಅರ್ಧಕ್ಕೆ ಇಳಿದಿತ್ತು. ಮನೆಯಲ್ಲಿ ಕರೆಂಟು ಇಲ್ಲ. ಪರೀಕ್ಷೆಯ ಕೊನೆಯ ಭಾಗವು ಉಳಿದಿರುವಂತೆಯೇ ಪರದೆಯು ಕಪ್ಪಾಯಿತು.

"ಅಜ್ಜಿ, ಬೆಳಿಗ್ಗೆ ಇದನ್ನು ಯಾರು ಮುಟ್ಟಿದರು?" ಎಂದು ಅವಳು ಅಳುದನಿಯಲ್ಲಿ ಕೇಳಿದಳು.

"ನಾನೇ ಕಣೇ, ಧೂಳು ಕೂತಿತ್ತು, ಒರೆಸಿ ಇಟ್ಟೆ. ಒಂದು ಗುಂಡಿಯನ್ನೂ ಒತ್ತಲಿಲ್ಲ. ರಾತ್ರಿ ಆಫ್ ಮಾಡಿದ್ದೇನೆ ಅಂತ ನೀನೇ ಹೇಳಿದ್ದೆಯಲ್ಲ! ಆಫ್ ಮಾಡಿದ್ದು ತಾನಾಗಿ ಆನ್ ಆಗುತ್ತದೆಯೇ, ಮಗು?"

ತಾಯಿಯವರ ಈ ಪ್ರಶ್ನೆಯೇ ನಮ್ಮ ಈ ಲೇಖನಕ್ಕೆ ಮೂಲವು. ಅವರದು ತಪ್ಪೆ? ಹುಡುಗಿಯದು ತಪ್ಪೆ? ಇಬ್ಬರೂ ತಮ್ಮ ತಮ್ಮ ಕೆಲಸವನ್ನು ಶ್ರದ್ಧೆಯಿಂದ ಮಾಡಿದವರೇ. ಇಬ್ಬರೂ ಒಂದೇ ಮಾತನ್ನು ನಂಬಿದ್ದರು: ಆಫ್ ಮಾಡಿದ ವಸ್ತುವು ಆಫ್ ಆಗಿಯೇ ಇರುವುದು. ಆ ನಂಬಿಕೆಯನ್ನು ಯಂತ್ರವು ಸುಳ್ಳು ಮಾಡಿತು.

ಇನ್ನು, ಮುಚ್ಚಳ ತೆರೆದುದು ಯಂತ್ರಕ್ಕೆ ತಿಳಿಯುವುದಾದರೂ ಹೇಗೆಂಬುದನ್ನು ನೋಡೋಣ. ಇದರಲ್ಲಿ ಮಾಯೆಯೇನೂ ಇಲ್ಲ. ಹೆಚ್ಚಿನ ಲ್ಯಾಪ್‌ಟಾಪುಗಳ ಮುಚ್ಚಳದ ಅಂಚಿನಲ್ಲಿ ಒಂದು ಪುಟ್ಟ ಅಯಸ್ಕಾಂತವನ್ನು ಅಡಗಿಸಿರುವರು. ಕೆಳಭಾಗದಲ್ಲಿ ಅದಕ್ಕೆ ಎದುರಾಗಿ, ಅಯಸ್ಕಾಂತದ ಸಾಮೀಪ್ಯವನ್ನು ಅರಿಯುವ ಒಂದು ಸೂಕ್ಷ್ಮ ಸಾಧನವಿರುವುದು. ಮುಚ್ಚಳವು ಇಳಿದರೆ ಅಯಸ್ಕಾಂತವು ಹತ್ತಿರ ಬರುವುದು, ಎತ್ತಿದರೆ ದೂರವಾಗುವುದು. ಇದರ ತತ್ತ್ವವನ್ನು ಕಂಡುಹಿಡಿದವನು ಎಡ್ವಿನ್ ಹಾಲ್ ಎಂಬ ಅಮೆರಿಕದ ವಿದ್ಯಾರ್ಥಿ. ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ೧೮೭೯ನೆಯ ಇಸವಿಯಲ್ಲಿ ಅವನು ಚಿನ್ನದ ತೆಳುರೇಕಿನಲ್ಲಿ ವಿದ್ಯುತ್ತನ್ನು ಹರಿಸಿ, ಅಯಸ್ಕಾಂತವನ್ನು ಸಮೀಪಕ್ಕೆ ತಂದರೆ ರೇಕಿನ ಅಡ್ಡಕ್ಕೆ ಅತ್ಯಲ್ಪವಾದ ವಿದ್ಯುದೊತ್ತಡವು ಹುಟ್ಟುವುದೆಂದು ತೋರಿಸಿದನು. ಆ ಕಾಲದಲ್ಲಿ ಅದು ಕೇವಲ ವಿದ್ವಾಂಸರ ಕುತೂಹಲವಾಗಿತ್ತು; ಇಂದು ಅದೇ ತತ್ತ್ವವು ನಮ್ಮ ಮೇಜಿನ ಮೇಲೆ ಕುಳಿತು ಮುಚ್ಚಳವನ್ನು ಕಾಯುತ್ತಿದೆ.

ಯಂತ್ರದ ಮುಖ್ಯ ಸ್ಥಿತಿಗಳು ಮೂರು. ಎಚ್ಚರವಾಗಿ ಕೆಲಸ ಮಾಡುವುದು ಒಂದು. ನಿದ್ರೆಯು ಎರಡನೆಯದು: ಮುಚ್ಚಳ ಇಳಿಸಿದಾಗ ಸಾಮಾನ್ಯವಾಗಿ ಒದಗುವುದು ಇದೇ. ಇದರಲ್ಲಿ ನಾವು ಬಿಟ್ಟ ಕೆಲಸವು ಯಂತ್ರದ ನೆನಪಿನಲ್ಲಿ ಉಳಿದಿರುವುದು, ಆ ನೆನಪನ್ನು ಉಳಿಸುವುದಕ್ಕಾಗಿ ಬ್ಯಾಟರಿಯು ಸ್ವಲ್ಪ ಸ್ವಲ್ಪವಾಗಿ ವ್ಯಯವಾಗುತ್ತಿರುವುದು. ಮೂರನೆಯದು ಆಫ್ ಮಾಡಿದ ಸ್ಥಿತಿ: ಕೆಲಸಗಳೆಲ್ಲ ಮುಗಿದು, ನೆನಪು ಬರಿದಾಗಿ, ಯಂತ್ರವು ವಿರಾಮ ಪಡೆಯುವುದು. ಆದರೆ ಈ ಸ್ಥಿತಿಯಲ್ಲಿಯೂ ಒಳಗಿನ ಒಂದು ಸಣ್ಣ ಕಾವಲುಗಾರನು ಬ್ಯಾಟರಿಯಿಂದ ಅತ್ಯಲ್ಪ ಶಕ್ತಿಯನ್ನು ಪಡೆದು ಎಚ್ಚರವಾಗಿಯೇ ಇರುವನು. ಗುಂಡಿಯನ್ನು ಒತ್ತಿದರೆ ಕೇಳಿಸಿಕೊಳ್ಳುವವನು ಇವನೇ. ಮುಚ್ಚಳ ತೆರೆದುದನ್ನೂ ಗುಂಡಿ ಒತ್ತಿದಂತೆಯೇ ಎಣಿಸು ಎಂದು ತಯಾರಕರು ಇವನಿಗೆ ಹೇಳಿಟ್ಟರೆ, ಅವನು ಹಾಗೆಯೇ ಮಾಡುವನು. ಆದುದರಿಂದ ನಮ್ಮ ವಿವಾದವು ಯಂತ್ರದೊಡನೆ ಅಲ್ಲ. ಕಾವಲುಗಾರನಿಗೆ ಅಪ್ಪಣೆ ಕೊಡುವವರು ಯಾರೆಂಬುದೇ ವಿವಾದವು.

ಮಡಿಸುವ ಗಣಕಯಂತ್ರವು ಇಂದಿನದಲ್ಲ. ಬಿಲ್ ಮಾಗ್ರಿಜ್ ಎಂಬ ಆಂಗ್ಲ ವಿನ್ಯಾಸಕಾರನು ರೂಪಿಸಿದ ಗ್ರಿಡ್ ಕಂಪಾಸ್ ಎಂಬ ಯಂತ್ರವು ೧೯೮೨ರಲ್ಲಿ ಮಾರಾಟಕ್ಕೆ ಬಂದಿತು. ಪರದೆಯು ಕೀಲಿಮಣೆಯ ಮೇಲೆ ಮುಚ್ಚಳದಂತೆ ಮಡಿಸಿಕೊಳ್ಳುವ ರೂಪವನ್ನು ಲೋಕಕ್ಕೆ ಪರಿಚಯ ಮಾಡಿಕೊಟ್ಟುದು ಅದೇ. ಅದರ ಬೆಲೆಯು ಎಂಟು ಸಾವಿರ ಡಾಲರುಗಳಿಗೂ ಮೇಲಾಗಿದ್ದುದರಿಂದ ಸಾಮಾನ್ಯರ ಮನೆಗೆ ಅದು ಬರುವಂತಿರಲಿಲ್ಲ. ಅಮೆರಿಕದ ಗಗನನೌಕೆಯಲ್ಲಿ ಮಾತ್ರ ಅಂತರಿಕ್ಷಕ್ಕೂ ಹೋಗಿಬಂದಿತು. ಅಲ್ಲಿಂದ ಮುಂದೆ ಬಹುಕಾಲದವರೆಗೆ ಬಳಕೆಯಲ್ಲಿದ್ದ ರೂಢಿಯೆಂದರೆ, ಮುಚ್ಚಳವು ಮುಚ್ಚಳವೇ, ಗುಂಡಿಯು ಗುಂಡಿಯೇ. ನಿದ್ರಿಸುತ್ತಿರುವ ಯಂತ್ರವು ಮುಚ್ಚಳ ತೆರೆದರೆ ಏಳುವುದು. ಆಫ್ ಮಾಡಿದುದು ಗುಂಡಿಗೆ ಕಾಯುವುದು.

ಈ ರೂಢಿಯನ್ನು ಎದ್ದು ಕಾಣುವಂತೆ ಬದಲಿಸಿದುದು ಆಪಲ್ ಸಂಸ್ಥೆ. ೨೦೧೬ರ ಕೊನೆಯಲ್ಲಿ ಹೊರಬಂದ ಅದರ ಮ್ಯಾಕ್‌ಬುಕ್ ಪ್ರೊ ಯಂತ್ರಗಳು, ಆಫ್ ಮಾಡಿದ್ದರೂ, ಮುಚ್ಚಳವನ್ನು ತೆರೆದರೆ ಅಥವಾ ಕರೆಂಟಿನ ತಂತಿಯನ್ನು ಸೇರಿಸಿದರೆ ತಾವಾಗಿಯೇ ಆರಂಭವಾಗತೊಡಗಿದುವು. ೨೦೨೦ರಿಂದ ಅದೇ ಸಂಸ್ಥೆಯು ತನ್ನ ಸ್ವಂತ ಚಿಪ್ಪುಗಳಿಂದ ಮಾಡಿದ ಲ್ಯಾಪ್‌ಟಾಪುಗಳಲ್ಲಿಯೂ ಈ ಪದ್ಧತಿಯೇ ಮುಂದುವರಿಯಿತು. ಅವುಗಳಲ್ಲಿ ಯಾವ ಕೀಲಿಯನ್ನು ಒತ್ತಿದರೂ ಯಂತ್ರವು ಆರಂಭವಾಗುವುದು. ಬೇರೆ ತಯಾರಕರಲ್ಲಿಯೂ ಇದುಂಟು. ಅನೇಕ ಕ್ರೋಮ್‌ಬುಕ್‌ಗಳು ಮುಚ್ಚಳ ತೆರೆದರೆ ಎಚ್ಚರಗೊಳ್ಳುವುವು. ಡೆಲ್ ಹಾಗೂ ಲೆನೊವೊ ಸಂಸ್ಥೆಗಳ ಅನೇಕ ಯಂತ್ರಗಳಲ್ಲಿ ಇಂಥ ಸೌಕರ್ಯವುಂಟು; ಬೇಕು ಬೇಡವೆಂಬುದನ್ನು ಯಂತ್ರದ ಮೂಲ ಏರ್ಪಾಡಿನಲ್ಲಿ, ಅಂದರೆ ಬಯಾಸ್ ಎಂದು ಕರೆಯುವ ಪುಟದಲ್ಲಿ, ಆರಿಸಿಕೊಳ್ಳುವುದಕ್ಕೆ ಅವರು ಅವಕಾಶವಿಟ್ಟಿರುವರು.

ಈಗ ಎರಡು ಪಕ್ಷಗಳನ್ನೂ ನ್ಯಾಯವಾಗಿ ತೂಗಿನೋಡುವುದು ನಮ್ಮ ಧರ್ಮವು.

ತಾನಾಗಿ ಆರಂಭವಾಗಲಿ ಎನ್ನುವವರ ವಾದವು ನಿರಾಧಾರವಾದುದಲ್ಲ. ಲ್ಯಾಪ್‌ಟಾಪನ್ನು ತೆರೆಯುವವರಲ್ಲಿ ಹೆಚ್ಚಿನವರು ಅದನ್ನು ಬಳಸುವುದಕ್ಕೆಂದೇ ತೆರೆಯುವರು. ಹಾಗಿರುವಲ್ಲಿ ಎರಡು ಕೆಲಸವೇಕೆ, ಒಂದೇ ಸಾಲದೆ ಎಂದು ಅವರು ಕೇಳುವರು. ಇದಕ್ಕಿಂತ ಬಲವಾದ ಕಾರಣವು ನಮ್ಮ ಮನೆಯಲ್ಲಿಯೇ ಉಂಟು. ನಮ್ಮ ತಮ್ಮನು ಹೊರದೇಶದಲ್ಲಿರುವನು. ಭಾನುವಾರದ ಸಂಜೆ ಅವನ ಮುಖವನ್ನು ಪರದೆಯ ಮೇಲೆ ನೋಡಿ ನಾಲ್ಕು ಮಾತನಾಡುವುದು ತಾಯಿಯವರಿಗೆ ವಾರದ ಹಬ್ಬ. ಅವರಿಗಾಗಿಯೇ ಒಂದು ಲ್ಯಾಪ್‌ಟಾಪನ್ನು ಪ್ರತ್ಯೇಕವಾಗಿ ಇಟ್ಟಿರುವೆವು. ಆದರೆ ಕರಿಯ ಕೀಲಿಗಳ ಸಾಲಿನಲ್ಲಿ ಕರಿಯದೇ ಆಗಿ ಮೂಲೆಯಲ್ಲಿ ಕುಳಿತ ಆ ಗುಂಡಿಯು ಅವರ ಕಣ್ಣಿಗೆ ಕಾಣದು. ಕಂಡರೂ ವಾತದಿಂದ ಬಾಗಿದ ಬೆರಳಿಗೆ ಬಗ್ಗದು. ಮುಚ್ಚಳವನ್ನು ಎತ್ತಿದೊಡನೆ ಬೆಳಕು ಬರುವುದಾದರೆ, ಅವರು ಯಾರನ್ನೂ ಕೂಗಬೇಕಾಗಿಲ್ಲ. ದೃಷ್ಟಿಮಾಂದ್ಯವುಳ್ಳವರಿಗೂ ಕೈಗಳಲ್ಲಿ ಬಲ ಸಾಲದವರಿಗೂ ಇದು ಸಣ್ಣ ಉಪಕಾರವಲ್ಲ. ಇತರರ ನೆರವಿಲ್ಲದೆ ತಮ್ಮ ಕೆಲಸವನ್ನು ತಾವು ಮಾಡಿಕೊಳ್ಳುವ ಸುಖವು ಎಂಥದೆಂಬುದನ್ನು ವೃದ್ಧರಿರುವ ಮನೆಯವರಿಗೆ ನಾವು ಹೇಳಬೇಕಾಗಿಲ್ಲ.

ಎದುರು ಪಕ್ಷದ ವಾದವೂ ಕೇಳತಕ್ಕುದೇ. ಮುಚ್ಚಳವನ್ನು ತೆರೆಯುವುದಕ್ಕೆ ಬಳಕೆಯೊಂದೇ ಕಾರಣವಲ್ಲ. ಧೂಳೊರೆಸುವುದಕ್ಕೆ ತೆರೆಯುವೆವು; ಒಳಗೆ ಇಟ್ಟ ಚೀಟಿಯನ್ನು ತೆಗೆಯುವುದಕ್ಕೆ ತೆರೆಯುವೆವು; ಮಗುವು ಆಟಕ್ಕೆ ತೆರೆಯುವುದು; ಕೊಳ್ಳಬಂದವರಿಗೆ ತೋರಿಸುವುದಕ್ಕೂ ತೆರೆಯುವೆವು. ಕೀಲಿಮಣೆಯನ್ನು ಒರೆಸುವ ಮೊದಲು ಯಂತ್ರವನ್ನು ಆಫ್ ಮಾಡಬೇಕೆಂದು ತಯಾರಕರೇ ಹೇಳುವರು. ಆಫ್ ಮಾಡಿದ ಯಂತ್ರವು ಒರೆಸುವುದಕ್ಕೆ ತೆರೆದೊಡನೆ ಎಚ್ಚೆತ್ತುಕೊಂಡರೆ ಆ ಉಪದೇಶವನ್ನು ಪಾಲಿಸುವುದೆಂತು? ಚೀಲದೊಳಗೆ ಪುಸ್ತಕಗಳ ನಡುವೆ ಮುಚ್ಚಳವು ಸ್ವಲ್ಪ ಸರಿದು ಯಂತ್ರವು ಆರಂಭವಾದರೆ, ಗಾಳಿಯಾಡದ ಆ ಸ್ಥಳದಲ್ಲಿ ಅದು ಕಾಯುವುದು. ಹೆಚ್ಚಿನ ಶಾಖವು ಲಿಥಿಯಂ ಬ್ಯಾಟರಿಗಳ ಆಯುಸ್ಸನ್ನು ಕುಗ್ಗಿಸುವುದು. ಇನ್ನು ಬ್ಯಾಟರಿಯ ವ್ಯಯದ ಮಾತನ್ನು ಮತ್ತೆ ಹೇಳಬೇಕಾಗಿಲ್ಲ. ಹೊತ್ತುಹೊತ್ತಿಗೆ ಕರೆಂಟು ಹೋಗುವ ಊರುಗಳಲ್ಲಿ ತುಂಬಿದ ಬ್ಯಾಟರಿಯೆಂದರೆ ಬೇಸಗೆಯಲ್ಲಿ ತುಂಬಿಟ್ಟ ನೀರಿನ ಕೊಡದಂತೆ. ಅದನ್ನು ಯಜಮಾನಿಯು ಅಳೆದು ಬಳಸುವಳಲ್ಲದೆ, ಕೊಡವೇ ತನ್ನಿಷ್ಟಕ್ಕೆ ಸುರಿದುಕೊಳ್ಳಬಾರದು.

ಇವೆಲ್ಲಕ್ಕಿಂತ ಮಿಗಿಲಾದುದು ನಂಬಿಕೆಯ ಪ್ರಶ್ನೆ. ಹಾರ್ಮೋನಿಯಮ್ಮಿನ ಪೆಟ್ಟಿಗೆಯನ್ನು ತೆರೆದರೆ ಅದು ಹಾಡಲಾರಂಭಿಸುವುದಿಲ್ಲ. ತಿದಿಯೊತ್ತಿ ಬೆರಳಿಟ್ಟರೆ ಮಾತ್ರ ಸ್ವರ ಬರುವುದು. ಹೊಲಿಗೆಯ ಯಂತ್ರದ ಮುಚ್ಚಳವನ್ನು ಎತ್ತಿದರೆ ಸೂಜಿಯು ಚಲಿಸುವುದಿಲ್ಲ. ಶೀತಪೆಟ್ಟಿಗೆಯ ಬಾಗಿಲು ತೆರೆದರೆ ದೀಪವು ಬರುವುದಲ್ಲ ಎಂದು ಕೇಳುವವರುಂಟು. ನಿಜ, ಆದರೆ ಆ ಪೆಟ್ಟಿಗೆಯನ್ನು ನಾವು ಎಂದೂ ಆಫ್ ಮಾಡಿರುವುದಿಲ್ಲ, ಅದು ಹಗಲಿರುಳು ದುಡಿಯುತ್ತಲೇ ಇರುವುದು. ಗೋಡೆಯ ಸ್ವಿಚ್ಚಿನಲ್ಲಿ ಆಫ್ ಮಾಡಿದ ಶೀತಪೆಟ್ಟಿಗೆಯ ಬಾಗಿಲನ್ನು ತೆರೆದರೆ ದೀಪ ಬರುವುದೇ? ನಿದ್ರಿಸುವವನನ್ನು ಬಾಗಿಲ ಸದ್ದು ಎಬ್ಬಿಸಬಹುದು, ಅದು ಸಹಜವು. ಆದರೆ ಕೆಲಸ ಮುಗಿಸಿ ಅಂಗಡಿಗೆ ಬೀಗ ಹಾಕಿ ಮನೆಗೆ ಹೋದವನು, ಯಾರೋ ಕದವನ್ನು ಮುಟ್ಟಿದರೆಂದು ಓಡಿಬಂದು ವ್ಯಾಪಾರಕ್ಕೆ ಕೂರುವುದಿಲ್ಲ.

ಬಳಸುವವರ ಮಾತು ಕೊನೆಗೆ ತಯಾರಕರನ್ನು ಮುಟ್ಟದೆ ಇರಲಿಲ್ಲ. ೨೦೨೪ರಲ್ಲಿ ಬಂದ ಮ್ಯಾಕ್‌ಒಎಸ್ ಸೆಕೋಯಾ ಎಂಬ ಆವೃತ್ತಿಯಿಂದ ಮೊದಲಾಗಿ, ಆಪಲ್ ತನ್ನ ಸ್ವಂತ ಚಿಪ್ಪಿನ ಲ್ಯಾಪ್‌ಟಾಪುಗಳಲ್ಲಿ ಈ ವರ್ತನೆಯನ್ನು ತಡೆಯುವ ಒಂದು ದಾರಿಯನ್ನು ಒದಗಿಸಿತು. ಮುಚ್ಚಳಕ್ಕೆ ಮಾತ್ರ ತಡೆ, ಕರೆಂಟಿನ ತಂತಿಗೆ ಮಾತ್ರ ತಡೆ, ಎರಡಕ್ಕೂ ತಡೆ ಎಂಬ ಮೂರು ಬಗೆಗಳುಂಟು. ಹೀಗೆ ತಡೆದ ಮೇಲೆಯೂ ಕೀಲಿಯೊತ್ತಿ ಯಂತ್ರವನ್ನು ಆರಂಭಿಸಬಹುದು. ಇದು ಸಂತೋಷದ ಸಂಗತಿಯೇ. ಆದರೆ ಆ ದಾರಿಯು ಸಾಮಾನ್ಯರು ನಡೆಯುವ ರಾಜಬೀದಿಯಲ್ಲ. ಟರ್ಮಿನಲ್ ಎಂಬ ಕಿಟಕಿಯನ್ನು ತೆರೆದು, ಬೂಟ್‌ಪ್ರಿಫರೆನ್ಸ್ ಎಂಬ ಪದವನ್ನೂ ಅದರ ಮುಂದೆ ಅಂಕಿಗಳನ್ನೂ ಅಕ್ಷರ ತಪ್ಪದಂತೆ ಬರೆದು, ಗುಪ್ತಪದವನ್ನು ಕೊಟ್ಟು ಆಜ್ಞಾಪಿಸಬೇಕು. ಗುಪ್ತವಾದ ಮಂತ್ರವನ್ನು ಉಪದೇಶ ಪಡೆದವರಿಗೆ ಮಾತ್ರ ತೆರೆಯುವ ಬಾಗಿಲು ಇದು. ಬಯಾಸಿನ ಪುಟವಾದರೋ ಆರಂಭದ ಕ್ಷಣದಲ್ಲಿ ನಿಯತವಾದ ಕೀಲಿಯನ್ನೊತ್ತಿ ಪ್ರವೇಶಿಸತಕ್ಕುದು. ಅಲ್ಲಿಗೆ ಹೋಗುವುದಕ್ಕೂ ಮನೆಯವರು ಅಂಜುವರು. ನಮ್ಮ ತಾಯಿಯವರಂಥವರಿಗೆ ಎರಡೂ ಇದ್ದರೂ ಇಲ್ಲದಂತೆಯೇ.

ಹೀಗಿರುವಲ್ಲಿ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುವೆವು. ನಿದ್ರೆಯಲ್ಲಿರುವ ಯಂತ್ರವು ಮುಚ್ಚಳ ತೆರೆದರೆ ಏಳಲಿ. ಅದರಲ್ಲಿ ಯಾರ ಆಕ್ಷೇಪಣೆಯೂ ಇರಲಾರದು. ಆದರೆ ಮನೆಯವರು ಬೇಕೆಂದೇ ಆಫ್ ಮಾಡಿದ ಯಂತ್ರವು, ಮನೆಯವರು ಅಪ್ಪಣೆ ಕೊಟ್ಟಿದ್ದ ಹೊರತು, ಮುಚ್ಚಳ ತೆರೆದ ಮಾತ್ರಕ್ಕೆ ಆರಂಭವಾಗಬಾರದು. ಆ ಅಪ್ಪಣೆಯನ್ನು ಕೊಡುವುದೂ ಹಿಂದೆಗೆಯುವುದೂ ಸುಲಭವಾಗಿರಬೇಕು. ಹೊಸ ಯಂತ್ರವನ್ನು ಕೊಂಡು ಮೊದಲ ಸಲ ತೆರೆದಾಗ ಭಾಷೆ ಯಾವುದು, ದೇಶ ಯಾವುದು, ಗುಪ್ತಪದ ಯಾವುದು ಎಂದು ಹತ್ತು ಪ್ರಶ್ನೆಗಳನ್ನು ಕೇಳುವರಲ್ಲ; ಅವುಗಳ ಜೊತೆಗೆ "ಆಫ್ ಮಾಡಿದಾಗ ಮುಚ್ಚಳ ತೆರೆದರೆ ಆರಂಭಿಸಲೇ?" ಎಂಬ ಹನ್ನೊಂದನೆಯ ಪ್ರಶ್ನೆಯನ್ನು ಕೇಳಿದರೆ ತಯಾರಕರಿಗೆ ಆಗುವ ನಷ್ಟವೇನು? ಸೌಕರ್ಯವು ಕೇಳಿ ಕೊಟ್ಟರೆ ಉಪಚಾರ, ಕೇಳದೆ ಹೇರಿದರೆ ಉಪದ್ರವ. ಬಡಿಸುವವಳು "ಇನ್ನಷ್ಟು ಅನ್ನ ಬಡಿಸಲೇ?" ಎಂದು ಕೇಳುವುದು ಆದರಕ್ಕೇ ಹೊರತು, ಅವಳಿಗೆ ಅತಿಥಿಯ ಹಸಿವು ತಿಳಿಯದೆಂದಲ್ಲ.

ಅಲ್ಲಿಯವರೆಗೆ ನಮ್ಮ ಮನೆಗಳಲ್ಲಿ ಮಾಡಿಕೊಳ್ಳಬಹುದಾದ ಕೆಲವು ಏರ್ಪಾಡುಗಳನ್ನು ಹೇಳಿ ಮುಗಿಸುವೆವು. ಮೊದಲನೆಯದಾಗಿ, ನಿಮ್ಮ ಯಂತ್ರದ ಸ್ವಭಾವವನ್ನು ಪರೀಕ್ಷಿಸಿ ತಿಳಿದುಕೊಳ್ಳಿರಿ. ಅದನ್ನು ಪೂರ್ತಿಯಾಗಿ ಆಫ್ ಮಾಡಿ, ಮುಚ್ಚಳ ಇಳಿಸಿ, ಐದು ನಿಮಿಷ ಬಿಟ್ಟು ತೆರೆಯಿರಿ; ಗುಂಡಿಯನ್ನು ಒತ್ತದೆ ಒಂದು ನಿಮಿಷ ನೋಡುತ್ತಿರಿ. ಕರೆಂಟಿನ ತಂತಿಯನ್ನು ಸೇರಿಸಿಯೂ ಇದೇ ಪರೀಕ್ಷೆಯನ್ನು ಮಾಡಿರಿ. ಎರಡನೆಯದಾಗಿ, ತಾನಾಗಿ ಆರಂಭವಾಗುವ ಯಂತ್ರವಾದರೆ, ಒರೆಸಿದ ಬಳಿಕ ಅದನ್ನು ಮತ್ತೆ ಆಫ್ ಮಾಡಿ, ಮುಚ್ಚಳವು ಸರಿಯಾಗಿ ಕೂತಿದೆಯೇ ಎಂದು ಕೈಯಿಂದ ಮುಟ್ಟಿ ನೋಡಿರಿ; ಚೀಲಕ್ಕೆ ಇಡುವಾಗ ಬಿಗಿಯಾದ ಗವಸಿನೊಳಗೆ ಇಡಿರಿ. ಮೂರನೆಯದಾಗಿ, ಬಳಸದೆ ಬಿಟ್ಟ ಯಂತ್ರವು ಕೆಲವು ನಿಮಿಷಗಳಲ್ಲಿ ನಿದ್ರೆಗೆ ಹೋಗುವ ಏರ್ಪಾಡನ್ನು ತೆಗೆದುಹಾಕಬೇಡಿರಿ. ಓದಿಗಾಗಿ ತೆಗೆದಿದ್ದರೆ ಓದು ಮುಗಿದೊಡನೆ ಮತ್ತೆ ಸೇರಿಸಿರಿ. ನಮ್ಮ ಮನೆಯ ಹಾನಿಗೆ ಅರ್ಧ ಕಾರಣ ಇದೇ ಎಂಬುದನ್ನು ನಾವು ಮುಚ್ಚಿಡುವುದಿಲ್ಲ. ನಾಲ್ಕನೆಯದಾಗಿ, ಪರೀಕ್ಷೆ ಮೊದಲಾದ ಮುಖ್ಯ ಕಾರ್ಯಗಳಿರುವ ದಿನ, ಅರ್ಧ ಗಂಟೆ ಮುಂಚಿತವಾಗಿಯಾದರೂ ಯಂತ್ರದ ಮುಂದೆ ಕುಳಿತು ಬ್ಯಾಟರಿಯನ್ನು ನೋಡಿರಿ. ಕರೆಂಟಿರುವ ನೆರೆಮನೆ ಯಾವುದೆಂಬುದನ್ನೂ ತಿಳಿದಿರಿ. ಕೊನೆಯದಾಗಿ, ಅಯಸ್ಕಾಂತದ ಕೊಕ್ಕೆಯುಳ್ಳ ಕೈಪಟ್ಟಿಯನ್ನಾಗಲಿ ಫೋನಿನ ಕವಚವನ್ನಾಗಲಿ ಲ್ಯಾಪ್‌ಟಾಪಿನ ಮೇಲೆ ಇಡಬೇಡಿರಿ. ಮುಚ್ಚಳವನ್ನು ಕಾಯುವವನಿಗೆ ಯಾವ ಅಯಸ್ಕಾಂತವು ಯಾರದೆಂಬ ವಿವೇಕವಿಲ್ಲ. ಮುಚ್ಚಳ ತೆರೆದಿರುವಾಗಲೇ ಅದು ಮುಚ್ಚಿತೆಂದು ಭ್ರಮಿಸುವುದುಂಟು.

ನಮ್ಮ ಹುಡುಗಿಗೆ ಆ ಪರೀಕ್ಷೆಯನ್ನು ಮತ್ತೆ ಬರೆಯುವುದಕ್ಕೆ ಆರು ತಿಂಗಳು ಕಾಯಬೇಕಾಗಿದೆ. ಆ ದಿನ ಮಧ್ಯಾಹ್ನ ತಾಯಿಯವರು ಊಟ ಮಾಡಲಿಲ್ಲ. "ನನ್ನ ಕೈಯೇ ಸುಮ್ಮನಿರಬಾರದಿತ್ತೆ?" ಎಂದು ಒಂದೇ ಸಮನೆ ಹಲುಬಿದರು. ಸಂಜೆ ಹುಡುಗಿಯೇ ಅವರ ಬಳಿ ಕುಳಿತು, "ಅಜ್ಜಿ, ಆಫ್ ಮಾಡಿದ್ದು ತಾನಾಗಿ ಆನ್ ಆಗುತ್ತದೆ ಅಂತ ನನಗೂ ಗೊತ್ತಿರಲಿಲ್ಲ. ಇದರಲ್ಲಿ ನಿಮ್ಮ ತಪ್ಪು ಏನಿದೆ?" ಎಂದು ಸಮಾಧಾನ ಹೇಳಿ ತುತ್ತು ತಿನ್ನಿಸಿದಳು. ಮರುದಿನ ಬಲ್ಲವರೊಬ್ಬರನ್ನು ಕರೆಸಿ ನಾವು ಎರಡು ಏರ್ಪಾಡುಗಳನ್ನು ಮಾಡಿಸಿದೆವು. ಹುಡುಗಿಯ ಯಂತ್ರವು ಇನ್ನು ಗುಂಡಿಯನ್ನು ಒತ್ತಿದರೆ ಮಾತ್ರ ಆರಂಭವಾಗುವುದು. ತಾಯಿಯವರ ಯಂತ್ರದಲ್ಲಿ ಆ ಸೌಕರ್ಯವು ಈವರೆಗೆ ಮುಚ್ಚಿದ್ದಿತು. ಈಗ ಮುಚ್ಚಳವನ್ನು ಎತ್ತಿದೊಡನೆ ಅದು ಬೆಳಗುವುದು. ಒಂದೇ ಮನೆ, ಎರಡು ಯಂತ್ರ, ಎರಡು ಬಗೆಯ ಅಪ್ಪಣೆ. ಎರಡೂ ಸರಿಯೇ, ಏಕೆಂದರೆ ಎರಡನ್ನೂ ಕೊಟ್ಟವರು ಬಳಸುವವರೇ.

ಕಳೆದ ಭಾನುವಾರ ತಾಯಿಯವರು ಯಾರನ್ನೂ ಕೂಗದೆ ಮಗನೊಡನೆ ಮಾತನಾಡಿದರು. ಮಾತು ಮುಗಿದ ಮೇಲೆ ಯಂತ್ರವನ್ನು ಆಫ್ ಮಾಡಿ, ಮುಚ್ಚಳ ಇಳಿಸಿ, ಅದು ಸರಿಯಾಗಿ ಕೂತಿದೆಯೇ ಎಂದು ಎರಡು ಸಲ ಒತ್ತಿ ನೋಡಿದರು. ಮೊಮ್ಮಗಳ ಮೇಜಿನ ಮೇಲೆ ಧೂಳು ಇದ್ದಿತು. ಅದನ್ನು ಮಾತ್ರ ಅವಳು ಬರುವವರೆಗೂ ಮುಟ್ಟಲಿಲ್ಲ.